ಮೂರು ಕಿಲೋಕ್ಕೆ ಐವತ್ತು ಗ್ರಾಂ ಕಮ್ಮಿ

ಅಣವೀರ ಸತ್ತದ್ದು ಶಹಾಬಾದದ ಒಂದು ಪತ್ತಿನ ಸೊಸೈಟಿಯ ಬಾಗಿಲಲ್ಲಿ, ಕಾವಲಿನ ಕುರ್ಚಿಯ ಮೇಲೆ, ಮಟಮಟ ಮಧ್ಯಾಹ್ನ. ತೊಡೆಯ ಮೇಲೆ ಬಂದೂಕು ಅಡ್ಡ ಇತ್ತು. ಬೆರಳುಗಳು ಅದನ್ನು ಹಿಡಿದೇ ಇದ್ದವು. ಜನ ಒಳಗೆ ಹೋದರು, ಪಾಸ್‌ಬುಕ್ ಬರೆಸಿಕೊಂಡು ಹೊರಗೆ ಬಂದರು. ಗಾರ್ಡ್ ಮಾಮಾನಿಗೆ ಜೋಂಪು ಹತ್ತಿದೆ ಅಂದುಕೊಂಡು ಒಬ್ಬಿಬ್ಬರು ಚಪ್ಪಲಿಯ ಸಪ್ಪಳ ಸಣ್ಣ ಮಾಡಿಕೊಂಡು ದಾಟಿದರು. ಎರಡು ತಾಸು ಹೀಗೇ ನಡೆಯಿತು. ಎದುರಿನ ಹೋಟೆಲಿನ ದಿಲೀಪ ಚಹಾ ತಂದು, ಕಪ್ಪನ್ನು ಅವನ ಕೈಗೆ ಕೊಡಲು ಹೋದಾಗಲೇ ತಿಳಿದದ್ದು.

ಅವನ ಹೆಂಡತಿ ಚಂದ್ರಕಲಾ ಆ ಹೊತ್ತಿಗೆ ಊರಿನ ಇನ್ನೊಂದು ತುದಿಯ ಪಾಲಿಶ್ ಯಾರ್ಡಿನಲ್ಲಿ ಹಾಸುಗಲ್ಲು ಹೊತ್ತು ಲಾರಿಗೆ ಹಾಕಿದ ಹಲಗೆ ಹತ್ತುತ್ತಿದ್ದಳು. ಸುದ್ದಿ ತಂದವರು ಕೆಳಗೆ ನಿಂತು ಹೇಳಿದರು. ಅವಳು ಕಲ್ಲನ್ನು ಲಾರಿಯಲ್ಲಿ ಸರಿಯಾಗಿ ಇಳಿಸಿದಳು. ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದು ದೂಳು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಇಳಿದಳು.

ಅಳು ಬರಲಿಲ್ಲ. ಬರಬಾರದೆಂದು ತಡೆಹಿಡಿದದ್ದೂ ಅಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಅದು ತನ್ನ ಕಾಲಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು. ಮಣ್ಣು ಆಯಿತು, ಬಂದವರು ಹೋದರು, ಸೇಡಂನಿಂದ ಬಂದ ಮಗಳು ಅಂಬುಜಾ ಹದಿಮೂರು ದಿನ ಇದ್ದು ಅತ್ತು ಕರೆದು ಗಂಡನ ಮನೆಗೆ ಹೋದಳು. ಹದಿನಾಲ್ಕನೇ ದಿನ ಚಂದ್ರಕಲಾ ಸಿಂಬೆ ಸುತ್ತಿಕೊಂಡು ಯಾರ್ಡಿಗೆ ನಡೆದಳು.

ಆಕೆಯ ತವರು ಚಿತ್ತಾಪುರದ ಕಡೆ, ಕಾಗಿಣಾ ಹೊಳೆಯ ದಂಡೆಯ ಹಳ್ಳಿ. ಅಪ್ಪ ಹರಗೋಲು ನಡೆಸುತ್ತಿದ್ದ. ಸೇತುವೆ ಬಂದ ವರ್ಷ ಹರಗೋಲು ಹಿತ್ತಲಲ್ಲಿ ಬೋರಲಾಗಿ ಕೋಳಿಗೂಡಾಯಿತು. ಹದಿನೆಂಟಕ್ಕೆ ಶಹಾಬಾದಕ್ಕೆ ಸೊಸೆಯಾಗಿ ಬಂದಳು. ಗಂಡನ ಮನೆಯವರೂ ಹೊಳೆಯ ಮಂದಿಯೇ. ಮಾವ ಬಲೆ ಬೀಸಿ ಮೀನು ಹಿಡಿದು ಬದುಕಿದವನು. ಬಂದ ಎರಡನೇ ವಾರ ಅವಳ ತಲೆಯ ಮೇಲೆ ಕಲ್ಲು ಏರಿತು, ಇಪ್ಪತ್ತೆಂಟು ವರ್ಷವಾದರೂ ಇಳಿಯಲಿಲ್ಲ. ನಡುಗದೆ, ಕೈ ಹಿಡಿಯದೆ, ಎಲೆ ಅಡಿಕೆ ಜಗಿಯುತ್ತ ಮೂವತ್ತು ಕಿಲೋದ ಕಲ್ಲು ಹೊತ್ತು ಹಲಗೆ ಹತ್ತುವವಳೆಂದು ಯಾರ್ಡಿನಲ್ಲಿ ಅವಳ ಹೆಸರಿತ್ತು.

ಬಂದೂಕು ಆ ಮನೆಗೆ ಬಂದು ಹತ್ತೊಂಬತ್ತು ವರ್ಷ. ಎರಡು ನಳಿಗೆಗಳು ಒಂದರ ಪಕ್ಕ ಒಂದು ಕೂತ ಹಳೆಯ ನಮೂನೆಯದು. ಚಿಂಚೋಳಿ ಕಡೆಯ ಪಾಟೀಲರೊಬ್ಬರು ಚಂದ್ರಂಪಳ್ಳಿ ಡ್ಯಾಮಿನ ಹಿನ್ನೀರ ಕಡೆಯ ಹೊಲಗಳಿಗೆ ಇಳಿಯುವ ಕಾಡುಹಂದಿಗಳನ್ನು ಬೆದರಿಸಲು ಇಟ್ಟುಕೊಂಡಿದ್ದರು. ಅವರ ಕಣ್ಣು ಮಂಜಾದ ಮೇಲೆ ಅಣವೀರ ಕಾಗದಪತ್ರ ಮಾಡಿಸಿ ಕೊಂಡುಕೊಂಡ. ಸ್ವಂತ ಬಂದೂಕು, ಸ್ವಂತ ಲೈಸೆನ್ಸ್ ಇದ್ದವನಿಗೇ ಗನ್‌ಮ್ಯಾನ್ ಕೆಲಸ ಸಿಗುತ್ತದೆ. ಸೊಸೈಟಿಯ ಬಾಗಿಲಲ್ಲಿ ಅದು ಒಮ್ಮೆಯೂ ಹಾರಲಿಲ್ಲ. ದಿನಾ ಸಂಜೆ ಮನೆಗೆ ಬಂದು, ಎರಡು ಗೂಟಗಳ ಮೇಲೆ ಬಂದೂಕು ಇಟ್ಟು, "ಇಟ್ಟೆ" ಅನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ. ಆ ಮಾತು ಕೇಳಿದ ಮೇಲೆ ಚಂದ್ರಕಲಾ ರೊಟ್ಟಿಯ ಹಂಚು ಒಲೆಗೆ ಏರಿಸುತ್ತಿದ್ದಳು.

ಈಗ ಗೂಟಗಳು ಬರಿದಾಗಿದ್ದವು. ಯಜಮಾನ ಸತ್ತ ಬಂದೂಕು ಮನೆಯಲ್ಲಿ ಇರಕೂಡದೆಂದು ಪೊಲೀಸರು ಅದನ್ನು ಹಳೇ ಬಜಾರಿನ ಬಂದೂಕಿನ ಅಂಗಡಿಯಲ್ಲಿ ಜಮೆ ಮಾಡಿಸಿದ್ದರು. ಲೈಸೆನ್ಸ್ ಕೊಡುವ ಕಚೇರಿಯ ಕ್ಲಾರ್ಕ್ ತಿಳಿಸಿ ಹೇಳಿದ: "ವಾರಸುದಾರಳು ನೀವೇ, ಲೈಸೆನ್ಸ್ ನಿಮ್ಮ ಹೆಸರಿಗಿ ಆಗ್ತದ ಯವ್ವಾ. ಆದ್ರ ಬಂದೂಕು ನಡೆಸಲಿಕ್ಕ ಬರ್ತದ ಅಂತ ತರಬೇತಿದು ಸರ್ಟಿಫಿಕೇಟ್ ಬೇಕು. ಎರಡು ಸರ್ತಿ ಪರೀಕ್ಷಾ ಕೊಡಬಹುದು. ಎರಡೂ ಹೋದ್ರ ಬಂದೂಕು ಸರಕಾರಕ್ಕ ಜಮಾ. ಬ್ಯಾಡ ಅಂದ್ರ ಈಗೇ ಬ್ಯಾಡ ಅಂತ ಬರ್ದು ಕೊಡ್ರಿ, ಎಲ್ಲರೂ ಹಂಗೇ ಮಾಡ್ತಾರ."

"ಪರೀಕ್ಷಾ ಕೊಡ್ತೀನ್ರಿ" ಅಂದಳು ಚಂದ್ರಕಲಾ.

ಸೊಸೈಟಿಯವರೂ ಒಪ್ಪಿದರು. ಸರ್ಟಿಫಿಕೇಟ್ ತಂದರೆ ಗಂಡನ ಕುರ್ಚಿ ಅವಳಿಗೆ.

ಮನೆಯಲ್ಲಿ ಅತ್ತೆ ಭೀಮಮ್ಮ ಇದ್ದಳು. ಎಪ್ಪತ್ತು ದಾಟಿದವಳು. ಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಬಾಯಿ ಇನ್ನಷ್ಟು ಹರಿತವಾಗಿತ್ತು.

"ಬಂದೂಕ ತಂದು ಏನ್ ಮಾಡ್ತಿ ಚಂದ್ರವ್ವಾ? ನನ್ನ ಹೊಡಿತಿ ಏನು?"

"ನಿನಗ ಯಾಕ ತೋಟಾ-ಗುಂಡು ದಂಡ ಮಾಡ್ಲಿ ಅತ್ತಿ."

"ಮತ್ತ ಯಾಕ ಬೇಕು?"

ಚಂದ್ರಕಲಾ ಗೂಟದ ಕಡೆ ನೋಡಿದಳು. ಅಲ್ಲಿ ಯಾರೋ ಟವೆಲ್ ನೇತುಹಾಕಿದ್ದರು. "ಗೊತ್ತಿಲ್ಲ" ಅಂದಳು. ಅದು ಖರೆಯೂ ಆಗಿತ್ತು.

ಹಳೇ ಬಜಾರಿನ ಆ ಅಂಗಡಿ ರಶೀದಾಬೇಗಂ ಎಂಬ ಮುದುಕಿಯದು. ಗಂಡ ಇದ್ದಾಗ ಕಬ್ಬಿಣದ ಕೆಲಸವೆಲ್ಲ ಅವನದು, ಕಟ್ಟಿಗೆಯ ಕೆಲಸವೆಲ್ಲ ಆಕೆಯದು. ಗಂಡ ಹೋದ ಮೇಲೆ ಅಂಗಡಿಯ ಲೈಸೆನ್ಸ್ ಮಗಳು ಮಹೆವಿಶಳ ಹೆಸರಿಗಿದೆ. ಮಗಳು ರಿಜಿಸ್ಟರ್ ಬರೆಯುತ್ತಾಳೆ. ತಾಯಿ ಈಗಲೂ ಉಳಿ, ಗರಗಸ, ಅರ ಹಿಡಿದು ಬಂದೂಕಿನ ಹಿಂಬದಿಯ ಮರ, ಅದಕ್ಕೆ ಅವರು ಕುಂದಾ ಅನ್ನುತ್ತಾರೆ, ಅದನ್ನು ಕೆತ್ತುತ್ತಾಳೆ.

ಚಂದ್ರಕಲಾ ಮೊದಲ ದಿನ ಹೋಗಿ ಬಂದೂಕನ್ನು ಕೈಗೆ ತೆಗೆದುಕೊಂಡಳು. ಹೆಗಲಿಗೆ ಆನಿಸಿ ನಳಿಗೆಯನ್ನು ಗೋಡೆಯ ಕ್ಯಾಲೆಂಡರಿನ ಕಡೆ ಮಾಡಿ ನಿಲ್ಲು ಅಂದಳು ಬೇಗಂ. ಇಪ್ಪತ್ತು ಎಣಿಸುವುದರೊಳಗೆ ಎಡಗೈ ನಡುಗಿತು. ಮೂವತ್ತಕ್ಕೆ ನಳಿಗೆ ಇಳಿದು ಕ್ಯಾಲೆಂಡರಿನ ಕೆಳಗಿನ ಮೊಳೆ ನೋಡುತ್ತಿತ್ತು.

"ಮೂವತ್ತು ಕಿಲೋ ಕಲ್ಲು ಹೊರ್ತೀನಿ ಖಾಲಾ. ಇದೆಷ್ಟರದು, ಯಾಕ ಹಿಂಗ?"

ಬೇಗಂ ಕೊಕ್ಕೆಯ ತಕ್ಕಡಿಗೆ ನೇತುಹಾಕಿ ನೋಡಿದಳು. "ಮೂರು ಕಿಲೋ, ಇನ್ನೂರಾ ನಲವತ್ತು. ಕಲ್ಲಿನ ಮಾತು ಬ್ಯಾರೆ ಬೇಟಿ. ಕಲ್ಲು ನಿನ್ನ ಬೆನ್ನೆಲುಬಿನ ಮ್ಯಾಲ ಕುಂದ್ರತದ. ಇದು ಕೈಯಾಗ ಜೋತು ಬೀಳ್ತದ."

"ಹಗುರ ಮಾಡ್ರಿ."

"ಎಷ್ಟು?"

"ಎಷ್ಟು ಆಗ್ತದ ಅಷ್ಟೂ."

ಮಹೆವಿಶ ರಿಜಿಸ್ಟರಿನಿಂದ ತಲೆ ಎತ್ತದೆ ಅಂದಳು: "ಬರೇ ಬಂದೂಕು ಅನ್ನೋ ಹೆಸರು ಬಿಟ್ಟು ಎಲ್ಲಾ ತೆಗಿ ಅಂತಾರ ಅಮ್ಮೀ."

ಬೇಗಂ ನಗಲಿಲ್ಲ. ಬಂದೂಕನ್ನು ಕೀಲಿನಲ್ಲಿ ಮುರಿದು ತೆರೆದು, ನಳಿಗೆಗಳನ್ನು ಬಿಡಿಸಿ ಚಂದ್ರಕಲಾಳ ತೊಡೆಯ ಮೇಲೆ ಇಟ್ಟಳು. "ನೋಡು, ಅರ್ಧ ಭಾರ ಇಲ್ಲೇ ಅದ. ಇದಕ್ಕ ನಾ ಕೈ ಹಚ್ಚಂಗಿಲ್ಲ. ತೆಳ್ಳಗ ಮಾಡಿದ್ರ ಸಿಡೀತದ, ಗಿಡ್ಡ ಮಾಡಿದ್ರ ಪೊಲೀಸರು ಹಿಡೀತಾರ, ಉದ್ದ ಎಷ್ಟು ಅಂತ ಲೈಸೆನ್ಸಿನಾಗ ಬರ್ದದ. ನಡುವಿನ ಕೀಲಿನ ಕಬ್ಬಿಣ, ಅದಕ್ಕೂ ಕೈ ಹಚ್ಚಂಗಿಲ್ಲ. ಉಳೀತು ಕಟ್ಟಿಗಿ. ಕಟ್ಟಿಗ್ಯಾಗ ನಾ ಎಷ್ಟು ತೆಗೀಬಹುದು? ಮುನ್ನೂರು ಗ್ರಾಂ, ನಾಕನೂರು. ಅದರ ಮ್ಯಾಲ ಕುಂದಾ ಉಳಿಯಂಗಿಲ್ಲ."

"ಅಷ್ಟೂ ತೆಗೀರಿ."

"ಕೇಳು ಮೊದಲ. ಈ ನಮೂನಿ ಬಂದೂಕು ಎರಡೂಮುಕ್ಕಾಲು ಕಿಲೋಕ್ಕಿಂತ ಕೆಳಗ ನಮ್ಮ ಮಿಯಾ ಎಂದೂ ಮಾಡಿಕೊಡಲಿಲ್ಲ. ಮಾಡು ಅಂದ್ರ ಕೈ ಮುಗೀತಿದ್ರು. ತೋಟಾದ ಜೋರು ಎಲ್ಲಿಗರೆ ಹೋಗಬೇಕಲ್ಲ. ಬಂದೂಕು ಭಾರ ಇದ್ರ ಅರ್ಧಾ ಅದೇ ನುಂಗ್ತದ. ಹಗುರ ಇದ್ರ ಎಲ್ಲಾ ನಿನ್ನ ಹೆಗಲಿಗಿ. ಮತ್ತ ಬರೇ ಹಿಂದಿಂದು ತೆಗೆದ್ರ ಮುಂದ ಮೂಗು ಭಾರ ಆಗ್ತದ."

ಚಂದ್ರಕಲಾ ಕೇಳಿದಳು, ಆದರೆ ಕಿವಿಗೆ ಹೋದದ್ದು ಒಳಗೆ ಇಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಕಲ್ಲು ಹೊತ್ತವಳಿಗೆ ಗೊತ್ತಿದ್ದದ್ದು ಒಂದೇ. ಹತ್ತು ಗ್ರಾಂ ಕಮ್ಮಿಯಾದರೂ ಕಮ್ಮಿಯೇ.

ಬೇಗಂ ಅವಳ ತೋಳಿನ ಉದ್ದ ನೋಡಿದಳು. ಅಣವೀರ ಉದ್ದ ಕೈಯವನು. ಕುಂದಾದ ತುದಿಯಿಂದ ಒಂದೂಕಾಲು ಇಂಚು ಕೊಯ್ದು ತೆಗೆಯಬೇಕು ಅಂದಳು. ಮೊದಲು ತುದಿಯ ಕಬ್ಬಿಣದ ತಗಡು ಬಿಚ್ಚಿದಳು. ಹತ್ತೊಂಬತ್ತು ವರ್ಷ ಸೊಸೈಟಿಯ ಫರ್ಸಿ ನೆಲದ ಮೇಲೆ ಊರಿ ಊರಿ ಅದರ ಒಂದು ಮೂಲೆ ಸವೆದು ಬ್ಲೇಡಿನಂತಾಗಿತ್ತು. ಆಮೇಲೆ ಗರಗಸ ಇಟ್ಟಳು. ಬಿದ್ದ ತುಂಡನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಮುಂದೆ ಹಿಡಿದಳು.

"ಇದ್ಯಾಕ?" ಅಂದಳು ಚಂದ್ರಕಲಾ.

"ನಿನ್ನ ಗಂಡಂದು."

"ಒಲಿಗಿ ಆಗ್ತದ" ಅಂದು ಚೀಲದಲ್ಲಿ ಹಾಕಿಕೊಂಡಳು.

ಮರದೊಳಗೆ ಉದ್ದಕ್ಕೆ ಬೈರಿಗೆಯಿಂದ ತೂತು ಕೊರೆದರು. ನಳಿಗೆಯ ಅಡಿಯ ಮರವನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿದರು. ವಾರವಾದ ಮೇಲೆ ತಕ್ಕಡಿ ಮೂರು ಕಿಲೋ ಹತ್ತು ಗ್ರಾಂ ತೋರಿಸಿತು. ಚಂದ್ರಕಲಾ ಕ್ಯಾಲೆಂಡರಿಗೆ ಗುರಿ ಇಟ್ಟು ನಿಂತಳು. ನಲವತ್ತು ಎಣಿಸಿದಾಗ ಕೈ ನಡುಗಿತು.

"ಇನ್ನೂ ಭಾರ ಅದ."

"ಇನ್ನು ಮ್ಯಾಲಿಂದ ತೆಗೆಯೋದು ಇಲ್ಲಿ ಅಷ್ಟೇ ಉಳದದ" ಅಂದು ಬೇಗಂ ಕುಂದಾದ ಕೊರಳ ಮೇಲೆ, ಕೈ ಹಿಡಿಯುವ ಜಾಗದ ಮೇಲೆ ಬೆರಳಿಟ್ಟಳು. ಅಲ್ಲಿ ಮರ ಕನ್ನಡಿಯಂತೆ ನಯವಾಗಿತ್ತು. ಮೇಲುಗಡೆ ಒಂದು ಸಣ್ಣ ತಗ್ಗು, ಹುಣಸೆಬೀಜ ಇಟ್ಟರೆ ಕೂಡುವಷ್ಟು. "ಇದು ಮಾಡಿದ್ದಲ್ಲ, ಆಗಿದ್ದು. ಅವನು ಕುಂತಲ್ಲಿ ಹೆಬ್ಬೆಟ್ಟು ಉಜ್ಜತಿದ್ದ ಕಾಣಸ್ತದ. ಇಲ್ಲಿ ಕೆತ್ತಿದ್ರ ಮೂವತ್ತು ಗ್ರಾಂ ಸಿಗ್ತದ. ಬಾಕೀದು ಹಿಂದ ಕುಂದಾದ ಹೊಟ್ಟಿ ಇನ್ನಷ್ಟು ಕೊರದು ತೆಗೀತೀನಿ. ಆದ್ರ ಇದು ಹೋಗ್ತದ."

"ಹೋಗ್ಲಿ."

"ಮನಿಗಿ ಹೋಗಿ ಒಂದಿನ ವಿಚಾರ ಮಾಡು."

"ಶನಿವಾರ ಪರೀಕ್ಷಾ ಅದ ಖಾಲಾ. ವಿಚಾರಕ್ಕ ಏನದ ಅದರಾಗ, ಕಟ್ಟಿಗಿ ಅದು."

ಬೇಗಂ ಆಕೆಯ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಸಿಟ್ಟೂ ಇಲ್ಲ, ದುಃಖವೂ ಇಲ್ಲ. ಲಾರಿಗೆ ಕಲ್ಲು ತುಂಬಿಸುವವರ ಹಾಗೆ ಕೆಲಸ ಮುಗಿಯಲಿ ಎಂದು ಕಾಯುತ್ತ ನಿಂತಿದ್ದಳು. ಮುದುಕಿ ಉಳಿ ತೆಗೆದುಕೊಂಡಳು. ಕೊರಳಿನ ಮರ ಸುರುಳಿ ಸುರುಳಿಯಾಗಿ ಎದ್ದು ಮಡಿಲಿಗೆ ಬಿತ್ತು. ಅಗಸೆ ಎಣ್ಣೆ ಒರೆಸಿದ ಮೇಲೆ ಆ ಜಾಗ ಹೊಸ ಬಂದೂಕಿನದರ ಹಾಗೆ ಸಪಾಟಾಗಿ, ಯಾರ ಕೈಯೂ ಮುಟ್ಟಿರದ ಹಾಗೆ ಕಂಡಿತು.

ಎರಡು ಕಿಲೋ ಎಂಟುನೂರಾ ಮೂವತ್ತು.

ಪರೀಕ್ಷೆ ನಡೆಯುವುದು ವಾಡಿಯ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯಲ್ಲಿ. ಮೂರು ಕಡೆ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಗೋಡೆ, ಗುಂಡು ಎಲ್ಲಿಗೂ ಹೋಗದು. ತರಬೇತಿ ಕೊಡುವವನು ಸುರೇಶಕುಮಾರ, ಫೌಜಿನಿಂದ ಹವಾಲ್ದಾರನಾಗಿ ನಿವೃತ್ತನಾದ ಸೇಡಂನವನು. ಅಂದು ಬಂದವರು ಐದು ಜನ. ಚಿಂಚೋಳಿ ಕಾಡಂಚಿನ ಮೂವರು ಹೊಲದವರು, ಸಿಮೆಂಟ್ ಕಾರ್ಖಾನೆಯ ಗೇಟಿನ ಒಬ್ಬ ಗಾರ್ಡು, ಐದನೆಯವಳು ಚಂದ್ರಕಲಾ. ಬಂದೂಕಿನ ಜೊತೆ ಮಹೆವಿಶ ರಿಜಿಸ್ಟರ್ ಹಿಡಿದುಕೊಂಡು ಬಂದಿದ್ದಳು.

"ಗುರಿ ಹಿಡದು ಒಂದು ಮಿನಿಟು ನಿಂದ್ರಬೇಕು. ಸೀಟಿ ಹೊಡದ ಮ್ಯಾಲ ಎರಡೂ ನಳಿಗಿ, ಒಂದರ ಹಿಂದ ಒಂದು" ಅಂದ ಸುರೇಶಕುಮಾರ. ಗುರಿ ಅಂದರೆ ಸುಣ್ಣ ಬಳಿದ ಒಂದು ತಗಡಿನ ಹಲಗೆ, ನಲವತ್ತು ಹೆಜ್ಜೆ ದೂರ.

ಚಂದ್ರಕಲಾ ನಿಂತಳು. ಬಂದೂಕು ಹಗುರವಾಗಿತ್ತು, ಅದು ಸುಳ್ಳಲ್ಲ. ಆದರೆ ಅದರ ಮೂತಿ ನೆಲ ಮೂಸುತ್ತ ಎಳೆಯುತ್ತಿತ್ತು. ಎತ್ತಿದರೆ ಗಾಳಿಯಲ್ಲಿ ಆಚೆ ಈಚೆ ತೂಗುತ್ತಿತ್ತು. ಅರ್ಧ ಮಿನಿಟಿಗೆ ಎಡಗೈ ಸೋತಿತು. ಸೀಟಿಯ ಹೊತ್ತಿಗೆ ನಳಿಗೆ ಹಲಗೆಯಿಂದ ಮೊಳ ಕೆಳಗಿತ್ತು. ಒಂದನೇ ತೋಟಾ ಖಣಿಯ ನೆಲದಲ್ಲಿ ದೂಳೆಬ್ಬಿಸಿತು. ಧಕ್ಕೆಗೆ ಬಂದೂಕು ಹಾರಿ ನೆಗೆಯಿತು. ಎರಡನೆಯದು ಗೋಡೆಯ ಮೇಲಿನ ಜಾಲಿಗಿಡದ ಟೊಂಗೆ ಕತ್ತರಿಸಿತು.

ಹೊಲದವರಲ್ಲಿ ಒಬ್ಬ ಮೆಲ್ಲಗೆ ಅಂದ: "ಹಂದಿ ಗಿಡದ ಮ್ಯಾಲ ಇತ್ತೇನೋ."

ಸುರೇಶಕುಮಾರ ಅವನ ಕಡೆ ಗುರಾಯಿಸಿ, ಇವಳ ಕಡೆ ತಿರುಗಿದ. "ಯವ್ವಾ, ಒಂದು ನೆಲಕ್ಕ, ಒಂದು ಮುಗಿಲಿಗಿ. ನಡುವ ಇರೋ ನನ್ನ ಹಲಗಿ ಮುಟ್ಟಲೇ ಇಲ್ಲ. ಹದಿನೈದು ದಿನಕ್ಕ ಮತ್ತ ಬರ್ರಿ. ಅದು ಕಡೀದು. ಹೆಗಲಿಗಿ ಭಾಳ ಬಡೀತೇನು?"

"ಗೊತ್ತಾಗ್ಲಿಲ್ರಿ."

ಅವನು ಅವಳನ್ನು ಒಂದು ಕ್ಷಣ ನೋಡಿ ಬರೆದುಕೊಂಡ.

ಮರುದಿನ ಮುಂಜಾನೆ ಬೆನ್ನಿಗೆ ನೀರು ಹಾಕುವಾಗ ಭೀಮಮ್ಮ ಕಂಡಳು. ಬಲಗಡೆ ಹೆಗಲಿನ ಮುಂದೆ ಬದನೆಕಾಯಿಯ ಬಣ್ಣ, ಅಂಗೈಯಗಲ.

"ಇದೇನ, ಕರ್ರಗ?"

"ಬಂದೂಕು ಬಡದಿರಬೇಕು."

"ಬಡದಿರಬೇಕು ಅಂದ್ರ? ನೋವಿಲ್ಲೇನು ನಿನಗ?" ಮುದುಕಿ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಸೊಸೆ ನೀರಿನ ತಂಬಿಗೆಯ ಕಡೆ ಕೈ ಚಾಚಿದಳು, ಅಷ್ಟೇ. ಭೀಮಮ್ಮ ಒತ್ತುವುದನ್ನು ನಿಲ್ಲಿಸಿದಳು. ಆ ದಿನ ಸಂಜೆಯವರೆಗೂ ಆಕೆಯ ಬಾಯಿಂದ ಒಂದು ಕುಹಕವೂ ಬರಲಿಲ್ಲ. ಅರಿಷಿಣ ಸುಣ್ಣ ಕಲಸಿ ತಂದು ಹಚ್ಚಿದಳು.

ಆಮೇಲೆ ಹತ್ತು ದಿನ ಚಂದ್ರಕಲಾ ಅಂಗಡಿಯ ಕಡೆ ಹೋಗಲಿಲ್ಲ. ಇನ್ನೂ ಹಗುರ ಮಾಡಲು ಬಂದೂಕಿನಲ್ಲಿ ಏನೂ ಉಳಿದಿರಲಿಲ್ಲ. ಯಾರ್ಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಬಂದೂಕು ಸರಕಾರಕ್ಕೆ ಹೋಗುತ್ತದೆ ಅನ್ನುವುದು ಗೊತ್ತಿತ್ತು, ನಾಳೆ ಗುರುವಾರ ಅನ್ನುವುದು ಗೊತ್ತಿರುವ ಹಾಗೆ.

ಹನ್ನೊಂದನೇ ದಿನ ಯಾರ್ಡಿನಲ್ಲಿ ಶರಣಬಸಮ್ಮ ಎಂಬ ಜೊತೆಗಾತಿ ಅವಳ ತಲೆಗೆ ಕಲ್ಲು ಎತ್ತಿಕೊಟ್ಟಳು. ಅವಸರದಲ್ಲಿ ಒಂದಿಷ್ಟು ಮುಂದಾಗಿ ಇಟ್ಟಳು. ಎರಡು ಹೆಜ್ಜೆಗೇ ಕೊರಳು ಸೆಳೆಯಿತು, ಕಾಲು ತಡವರಿಸಿತು.

"ಇವತ್ತು ದೊಡ್ಡ ಕಲ್ಲು ಹೊರಿಸಿದಿ ಏನ?"

"ಎಲ್ಲಿದು ದೊಡ್ಡದು? ನಿನ್ನಿದಕ್ಕಿಂತ ಸಣ್ಣದದ. ಸರಿಸ್ಕೋ, ಮುಂದಾಗ್ಯದ."

ಚಂದ್ರಕಲಾ ಎರಡೂ ಕೈ ಎತ್ತಿ ಕಲ್ಲನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು. ಭಾರ ಇಳಿದು ಬೆನ್ನಿನೊಳಗೆ ಹೋಗಿ ಕೂತಿತು. ಹಲಗೆ ಹತ್ತಿದಳು, ಇಳಿಸಿದಳು, ಇಳಿದು ಬಂದಳು. ಮುಂದಿನ ಕಲ್ಲಿಗೆ ಬಗ್ಗದೆ ನಿಂತಳು. ಸಾವಿರಾರು ಸಲ ಹೀಗೆ ಸರಿಸಿದವಳು. ಬೆರಳಿಗೆ ಗೊತ್ತಿದ್ದದ್ದು ಅಂಗಡಿಯಲ್ಲಿ ಬಾಯಿಗೆ ಬರಲೇ ಇಲ್ಲ.

"ಎಲ್ಲಿ ಹೊಂಟಿ? ಲಾರಿ ನಿಂತದ."

"ಬಂದೆ, ತಡಿ" ಅಂದು ಸಿಂಬೆ ಹಿಡಿದುಕೊಂಡೇ ಬಜಾರಿನ ಕಡೆ ನಡೆದಳು.

"ಖಾಲಾ, ತೆಗೆದಿದ್ರಾಗ ಭಾಳ ಹಿಂದಿಂದೇ ತೆಗೆದ್ವಿ" ಅಂದಳು ಅಂಗಡಿಯ ಹೊಸ್ತಿಲಲ್ಲಿ ನಿಂತು.

"ಹೇಳಿದ್ದೆ ನಾ."

"ಹೇಳಿದ್ರಿ. ನಾ ಕೇಳಲಿಲ್ಲ."

ಬೇಗಂ ಬಂದೂಕನ್ನು ತಂದು ಬೆರಳಿನ ಮೇಲೆ ಅಡ್ಡ ಇಟ್ಟಳು. ಮೊದಲು ಅದು ಕೀಲಿನ ಮೇಲೆ ತಕ್ಕಡಿಯ ದಂಡದ ಹಾಗೆ ಸಮ ನಿಲ್ಲುತ್ತಿತ್ತಂತೆ. ಈಗ ಕೀಲಿನಿಂದ ನಾಲ್ಕು ಬೆರಳು ಮುಂದೆ ಹೋಗಿ ಹುಡುಕಬೇಕಾಯಿತು. "ನಮ್ಮ ಮಿಯಾ ಇದ್ದಿದ್ರ ಇಲ್ಲೇ ಮೊದಲು ನೋಡತಿದ್ರು" ಅಂದಳು. "ನಾ ತಕ್ಕಡಿ ಮುಳ್ಳು ನೋಡಕೋತ ಕುಂತೆ. ಈಗ ಕುಂದಾದ ತೂತಿನಾಗ ಹಿಂದ ಸೀಸ ಹಾಕಬೇಕು. ಒಂದು ನೂರಾ ಇಪ್ಪತ್ತು ಗ್ರಾಂ. ಭಾರ ಏರ್ತದ."

"ಏರ್ಲಿ."

"ಸೀಸ ಮುಗದದ ನನ್ನ ಕಡಿ. ಕಲಬುರಗಿಂದ ತರಸಬೇಕು, ಐದು ದಿನ. ನಿನ್ನ ಪರೀಕ್ಷಾ ಯಾವಾಗ?"

"ಶನಿವಾರ. ನಾಕೇ ದಿನ ಉಳದಾವ." ಚಂದ್ರಕಲಾ ಕೈಯಲ್ಲಿದ್ದ ಸಿಂಬೆಯನ್ನು ಬಿಚ್ಚಿ ಮತ್ತೆ ಸುತ್ತಿದಳು. "ಮನ್ಯಾಗ ಅದ."

ಮನೆಯ ಮಾಳಿಗೆಯ ಜಂತಿಗೆ ಮಾವನ ಬಲೆ ತೂಗುಹಾಕಿತ್ತು. ಮಾವ ಸತ್ತು ಹದಿನೇಳು ವರ್ಷ. ನೂಲು ಹಳದಿಯಾಗಿ ಕೆಲವು ಕಡೆ ಇಲಿ ಕಡಿದಿತ್ತು. ಆದರೆ ಬಲೆ ನೀರಿನಲ್ಲಿ ಮುಳುಗಲೆಂದು ಅಂಚಿಗೆ ಕಟ್ಟಿದ ಸೀಸದ ಗುಂಡುಗಳು ಹಾಗೇ ಇದ್ದವು. ಮಾವನೇ ಕಾಯಿಸಿ, ಮರಳಿನ ಅಚ್ಚಿನಲ್ಲಿ ಹೊಯ್ದವು. ವರ್ಷಕ್ಕೊಮ್ಮೆ ಭೀಮಮ್ಮ ಬಲೆ ಇಳಿಸಿ ದೂಳು ಕೊಡವಿ ಮತ್ತೆ ಏರಿಸುತ್ತಿದ್ದಳು. ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಚಂದ್ರಕಲಾ ಅತ್ತೆಯ ಹತ್ತಿರ ಆ ಗುಂಡು ಕೇಳಿದಳು. ಮುದುಕಿ ತಲೆ ಎತ್ತಿ ಜಂತಿಯ ಕಡೆ ನೋಡಿದಳು.

"ನಿನ್ನ ಗಂಡನ ಕಟ್ಟಿಗಿ ಕೆತ್ತಿಸಿ ಹಾಕಿದಿ. ಈಗ ನನ್ನ ಗಂಡನ ಸೀಸ ಬೇಕೇನು?"

"ಬೇಕು ಅತ್ತಿ."

"ಅಲ್ಲಾ, ಅಷ್ಟು ದಿನ ಹಗುರ ಮಾಡ್ರಿ ಹಗುರ ಮಾಡ್ರಿ ಅಂತ ಕುಣದಿ. ಈಗ ಭಾರ ತುಂಬತೀನಿ ಅಂತಿ. ಆ ಮುದುಕಿಗೂ ಬುದ್ಧಿ ಇಲ್ಲ, ನಿನಗೂ ಇಲ್ಲ."

"ಹೌದು."

"ಹೌದು ಅಂತಾಳ ನೋಡು." ಭೀಮಮ್ಮ ಎದ್ದಳು. "ಜಗಳಾನೂ ಆಡಲಿಕ್ಕ ಬರಂಗಿಲ್ಲ ನಿನ್ನ ಜೋಡಿ. ಏಣಿ ತಾ. ಎಷ್ಟು ಬೇಕು?"

"ನೂರಾ ಇಪ್ಪತ್ತು ಗ್ರಾಂ."

"ಗ್ರಾಂ ಪ್ರಾಂ ನನಗ ತಿಳಿಯಂಗಿಲ್ಲ. ಗುಂಡು ಎಷ್ಟು ಹೇಳು."

ಒಂದು ಗುಂಡನ್ನು ಓಣಿಯ ಅಕ್ಕಸಾಲಿಯ ಅಂಗಡಿಯಲ್ಲಿ ತೂಗಿಸಿದರು. ಹತ್ತು ಗ್ರಾಂ. ಭೀಮಮ್ಮ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು, ಈಳಿಗೆಯ ಮೇಲೆ ಒಂದೊಂದೇ ಗಂಟು ಕೊಯ್ದಳು. ಸಾಲಾಗಿ ಕೊಯ್ಯಲಿಲ್ಲ. ಕೆಲವು ಬಿಟ್ಟು ಒಂದರಂತೆ, ಬಲೆಯ ಸುತ್ತೂ ತಿರುಗಿಸುತ್ತ ಕೊಯ್ದಳು. ಒಂದೇ ಕಡೆ ತೆಗೆದರೆ ಬಲೆ ವಾಲುತ್ತದೆಂದು. ಇನ್ನೆಂದೂ ನೀರಿಗೆ ಇಳಿಯದ ಬಲೆ ಅದು. ಹನ್ನೆರಡು ಗುಂಡುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಾನೇ ಅಂಗಡಿಗೆ ಹೊರಟಳು.

"ನಾ ಒಯ್ತೀನಿ ಅತ್ತಿ."

"ನೀ ಒಲಿಗಿ ಹಾಕಿಗೀಕಿಯ."

ಅಂಗಡಿಯಲ್ಲಿ ಇಬ್ಬರು ಮುದುಕಿಯರು ಎದುರುಬದುರು ಕೂತು, ಗುಂಡುಗಳನ್ನು ಒಂದೊಂದಾಗಿ ಕುಂದಾದ ತೂತಿಗೆ ಇಳಿಸಿದರು. ನಡುವೆ ಸಪ್ಪಳವಾಗದ ಹಾಗೆ ಬಟ್ಟೆ ತುರುಕಿದರು. "ಮೀನಿಂದು ಏನರೆ ಅಂಟ್ಯದೇನು ಇದಕ್ಕ?" ಅಂದಳು ಬೇಗಂ, ಒಂದನ್ನು ಮೂಸಿ. "ನಿನ್ನ ಬಂದೂಕಿನ ನಾತಕ್ಕಿಂತ ನಮ್ಮ ಮೀನು ಭೇಷಿ" ಅಂದಳು ಭೀಮಮ್ಮ. ತಗಡು ಮುಚ್ಚಿ ತಿರುಪು ಬಿಗಿದು ತಕ್ಕಡಿಗೆ ಹಾಕಿದರೆ ಎರಡು ಕಿಲೋ ಒಂಬೈನೂರಾ ಐವತ್ತು. ಬೆರಳಿನ ಮೇಲೆ ಇಟ್ಟರೆ ಕೀಲಿನ ಹತ್ತಿರ ನಿಂತಿತು.

ಚಂದ್ರಕಲಾ ಹೆಗಲಿಗೆ ಏರಿಸಿ ಕ್ಯಾಲೆಂಡರಿನ ಕಡೆ ನಿಂತಳು. ಇಬ್ಬರೂ ಮುದುಕಿಯರು ಎಣಿಸಿದರು, ಒಬ್ಬಳು ಕನ್ನಡದಲ್ಲಿ, ಒಬ್ಬಳು ಉರ್ದುವಿನಲ್ಲಿ. ಅರವತ್ತಕ್ಕೆ ನಳಿಗೆ ಅದೇ ತಾರೀಖಿನ ಮೇಲಿತ್ತು.

"ಹಗುರ ಆತು" ಅಂದಳು.

"ಭಾರ ಆಗ್ಯದ ಹುಚ್ಚಿ" ಅಂದಳು ಭೀಮಮ್ಮ.

ಶನಿವಾರ ಖಣಿಯಲ್ಲಿ ಸುರೇಶಕುಮಾರ ಬಂದೂಕು ಕೈಗೆ ತೆಗೆದುಕೊಂಡು, ಒಮ್ಮೆ ಹೆಗಲಿಗೆ ಆನಿಸಿ ನೋಡಿದ. "ಯಾರ ಕೈ ಬಿತ್ತು ಇದರ ಮ್ಯಾಲ? ಹೋದ ಸರ್ತಿ ಕೋಲು ಇದ್ದಂಗಿತ್ತು." ಉತ್ತರಕ್ಕೆ ಕಾಯದೆ ತೋಟಾ ಕೊಟ್ಟ. ಮಿನಿಟು ಮುಗಿಯಿತು, ಸೀಟಿ ಆಯಿತು. ಮೊದಲನೆಯದು ಹಲಗೆಯ ಬಲಗಡೆ ಅಂಚಿಗೆ ಬಡಿಯಿತು. ಎರಡನೆಯದು ನಡುವೆ. ತಗಡು ಗಣಗಣ ಅಂದು, ಸದ್ದು ಗೋಡೆಯಿಂದ ಗೋಡೆಗೆ ಹೋಗಿ ಬಂತು.

"ಪಾಸ್" ಅಂದ ಅವನು. ಚಂದ್ರಕಲಾ ಬಂದೂಕನ್ನು ಕೀಲಿನಲ್ಲಿ ಮಡಚಿ ಖಾಲಿ ತೋಟಾ ತೆಗೆದು, ಹೇಳಿಕೊಟ್ಟ ಹಾಗೆ ನಳಿಗೆ ನೆಲದ ಕಡೆ ಮಾಡಿ ನಿಂತಳು. ಖುಷಿ ಅನ್ನಿಸಲಿಲ್ಲ. ವಾಡಿಯಿಂದ ಬರುವಾಗ ರೈಲಿನಲ್ಲಿ, ಜನರ ನೂಕಾಟದಲ್ಲಿ ಯಾರದೋ ಮೊಣಕೈ ಬಲಹೆಗಲಿಗೆ ತಾಗಿತು. ಅವಳು ಹಲ್ಲು ಕಚ್ಚಿ ಹೆಗಲನ್ನು ಹಿಂದಕ್ಕೆ ತೆಗೆದುಕೊಂಡಳು. ಎಡಗೈಯಿಂದ ಅದನ್ನು ಮುಚ್ಚಿಕೊಂಡೇ ಶಹಾಬಾದದವರೆಗೆ ನಿಂತಳು.

ಕಾಗದಪತ್ರ ಆಗಲು ಇನ್ನೊಂದು ತಿಂಗಳು ಹಿಡಿಯಿತು. ಬಂದೂಕು ಮನೆಗೆ ಬಂದ ಸಂಜೆ ಭೀಮಮ್ಮ ಗೂಟದ ಮೇಲಿನ ಟವೆಲ್ ತಾನೇ ತೆಗೆದಳು. ಎಡಗಡೆಯ ಗೂಟ ಸಡಿಲಾಗಿತ್ತು. ಮುದುಕಿ ಒಳಗಿನಿಂದ ಒಂದು ಮರದ ಚೂರು ತಂದು, ಚಕ್ಕೆ ಸೀಳಿ, ಗೂಟದ ಬುಡಕ್ಕೆ ಬೆಣೆಯಾಗಿ ಬಡಿದಳು. ಬಟ್ಟೆಯಲ್ಲಿ ಸುತ್ತಿ ತಂದ ಕುಂದಾದ ತುಂಡು ಅದು. ಒಲೆಗೆ ಹೋಗಿರಲಿಲ್ಲ. ಚಂದ್ರಕಲಾ ನೋಡಿದಳು. ಬಂದೂಕನ್ನು ಏರಿಸಿದಳು.

ಮರುದಿನ ಸೀರೆಯ ಮೇಲೆ ಖಾಕಿ ಅಂಗಿ ಹಾಕಿಕೊಂಡು ಸೊಸೈಟಿಯ ಬಾಗಿಲಿಗೆ ಹೋಗಿ ಅದೇ ಕುರ್ಚಿಯ ಮೇಲೆ ಕೂತಳು. ಬಂದೂಕು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಜನ ಬಂದರು, ಹೋದರು. ಕೆಲವರು ಎರಡು ಸಲ ತಿರುಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಮೆಟ್ಟಿಲಿನವರೆಗೆ ಬಂತು. ಅವಳ ಹೆಬ್ಬೆಟ್ಟು ಕುಂದಾದ ಕೊರಳ ಮೇಲೆ ಓಡಾಡುತ್ತಿತ್ತು. ಹಿಂದೆ ಮುಂದೆ, ಹಿಂದೆ ಮುಂದೆ. ಮರ ಸಪಾಟಾಗಿತ್ತು, ಆ ತಗ್ಗು ಇರಲಿಲ್ಲ. ಹೆಬ್ಬೆಟ್ಟು ಹುಡುಕುತ್ತಿರುವುದು ಏನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಬೆರಳು ನಿಂತಿತು. ಆ ಜಾಗದ ಮೇಲೆ ಅಂಗೈ ಮುಚ್ಚಿಕೊಂಡು, ರಸ್ತೆಯ ಕಡೆ ನೋಡುತ್ತ ಕೂತಳು. ರಸ್ತೆ ಯಾಕೋ ಸರಿಯಾಗಿ ಕಾಣಲಿಲ್ಲ.

ದಿಲೀಪ ಚಹಾ ತಂದ. ಹತ್ತಿರ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತ.

"ಅಕ್ಕಾ" ಅಂದ.

ಅವಳು ತಿರುಗಲಿಲ್ಲ.

"ಅಕ್ಕಾ, ಚಹಾ" ಅಂದ ಇನ್ನೊಮ್ಮೆ. ಅವನ ಕೈಯಲ್ಲಿ ಕಪ್ಪು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು.

ಚಂದ್ರಕಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಚ್ಚರಾನೇ ಇದ್ದೀನಿ" ಅಂದಳು. "ಮ್ಯಾಲ ಬಾ, ಕೊಡು."

ಹೆಬ್ಬೆಟ್ಟು ಮತ್ತೆ ಉಜ್ಜತೊಡಗಿತ್ತು.